ಅಟ್ಟದಿಂದ ಅರಳಗುಪ್ಪೆಗೆ

ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ಮೊದಲು ಎದುರಾಗುವುದು ಸದ್ದು. ಚೀಲದ ಬಾಯಿ ಬಿಚ್ಚಿ ಸುರಿದ ಉಂಡೆ ಕೊಬ್ಬರಿ ಸಿಮೆಂಟ್ ನೆಲದ ಮೇಲೆ ಒಂದಕ್ಕೊಂದು ತಾಗುತ್ತಾ ಉರುಳುವ ಒಣ ಸದ್ದು. ಆಮೇಲೆ ಬರುತ್ತದೆ ಎಣ್ಣೆ ಬೆರೆತ ಆ ಸಿಹಿ ವಾಸನೆ. ದರ ಈಗ ಇ-ಟೆಂಡರಿನಲ್ಲಿ ನಿಗದಿಯಾಗುತ್ತದೆ. ಆದರೂ ರಾಶಿಯ ಮುಂದೆ ನಿಂತ ವರ್ತಕ ಒಂದನ್ನು ಎತ್ತಿ, ಹೆಬ್ಬೆರಳಲ್ಲಿ ತಿಕ್ಕಿ, ಎರಡು ಹೋಳು ಮಾಡಿ ಒಳಗಿನ ಬಿಳುಪು ನೋಡದೆ ಮುಂದಕ್ಕೆ ಹೋಗುವುದಿಲ್ಲ. ಈ ಊರಿನ ವ್ಯವಹಾರ ಇವತ್ತಿಗೂ ಕೈ, ಕಣ್ಣು, ಕಿವಿಗಳನ್ನು ನಂಬಿಕೊಂಡಿದೆ. ಹೆಸರು, ವಾರ, ವರ್ಷ ಎಲ್ಲ ಕೈಬಿಟ್ಟ ಮೇಲೂ ಒಬ್ಬರ ಕೈ, ಕಣ್ಣು, ಕಿವಿಗಳಲ್ಲಿ ಏನು ಉಳಿದಿರುತ್ತದೆ, ಅದನ್ನು ಜೊತೆಗಿರುವವರು ಹೇಗೆ ಮಾತಾಡಿಸಬಹುದು ಎಂಬ ಪ್ರಶ್ನೆ ಹೊತ್ತುಕೊಂಡೇ ನಾನು ಈ ಸಲ ತೆಂಗಿನ ಸೀಮೆಗೆ ಬಂದದ್ದು.

ನೊಣವಿನಕೆರೆ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಎಂಬತ್ತರ ಆಸುಪಾಸಿನ ವಯಸ್ಸು. ಮದುವೆಯಾಗಿ ಬಂದ ದಿನದಿಂದ ಕೊಬ್ಬರಿ ಮನೆಯ ಲೆಕ್ಕವೆಲ್ಲ ಅವರದೇ. ಈಗ ಅವರಿಗೆ ಮರೆವಿನ ಕಾಯಿಲೆ. ಊರವರು ಅರಳು ಮರಳು ಎನ್ನುತ್ತಾರೆ, ಡಾಕ್ಟರು ಡಿಮೆನ್ಶಿಯಾ ಎಂದು ಬರೆದುಕೊಟ್ಟಿದ್ದಾರೆ. ನೋಡಿಕೊಳ್ಳುವವಳು ಮಗಳು, ನನಗೆ ಅಕ್ಕ. ಬೆಂಗಳೂರಿನ ಕೆಲಸ ಬಿಟ್ಟು ಬಂದವಳು.

ನೆಂಟರು ಬಂದಾಗಲೆಲ್ಲ ಆ ಮನೆಯಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ದೊಡ್ಡಮ್ಮನ ಮುಖದ ಮುಂದೆ ಬಗ್ಗಿ, ‘ನಾನ್ಯಾರು ಹೇಳಿ ನೋಡಣ?’ ಎನ್ನುತ್ತಾರೆ. ಅವರು ಸುಮ್ಮನಿದ್ದರೆ, ‘ಅಯ್ಯೋ, ನನ್ನ ಮರೆತೇಬಿಟ್ರಲ್ಲ!’ ಎಂದು ಜೋರಾಗಿ ನೊಂದುಕೊಳ್ಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಸಂಶಯವಿಲ್ಲ. ಆದರೆ ಆ ಪ್ರಶ್ನೆ ಬಿದ್ದ ಕೂಡಲೇ ದೊಡ್ಡಮ್ಮನ ಕೈ ಸೆರಗಿನ ಚುಂಗು ಹುಡುಕುತ್ತದೆ, ಕಣ್ಣು ಬಾಗಿಲ ಕಡೆ ಹೋಗುತ್ತದೆ. ಉತ್ತರ ಗೊತ್ತಿರಬೇಕಿತ್ತು ಎಂಬುದು ಅವರಿಗೆ ಗೊತ್ತಾಗುತ್ತದೆ. ಉತ್ತರ ಮಾತ್ರ ಸಿಗುವುದಿಲ್ಲ. ದಿನಕ್ಕೆ ಹಲವು ಸಲ ಹೀಗೆ ಸೋಲುವ ಮನುಷ್ಯರು ಮಾತು ನಿಲ್ಲಿಸಿಬಿಡುತ್ತಾರೆ. ಆಮೇಲೆ ನಾವು ಕಾಯಿಲೆ ಜಾಸ್ತಿಯಾಯಿತು ಎನ್ನುತ್ತೇವೆ.

ಇದು ಪಟ್ಟಣದವರ ಕಾಯಿಲೆ, ಹಳ್ಳಿಯಲ್ಲಿ ಗಟ್ಟಿ ಊಟ ಉಂಡು ಮೈ ಬಗ್ಗಿಸಿ ದುಡಿದವರಿಗೆ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ದೇಶದ ಹಿರಿಯರ ಮೇಲೆ ನಡೆದ ದೊಡ್ಡ ಸಮೀಕ್ಷೆಯೊಂದರ ಅಂದಾಜು 2023ರಲ್ಲಿ ಪ್ರಕಟವಾಯಿತು. 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ ಹತ್ತಿರ ಹತ್ತಿರ 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಅದು ಹೆಚ್ಚು. ಶಾಲೆಯ ಮುಖ ನೋಡದವರಲ್ಲಿ ಇನ್ನೂ ಹೆಚ್ಚು. ಇದಕ್ಕೆ ಕಾರಣಗಳನ್ನು ಹುಡುಕುವ ಕೆಲಸ ನಮ್ಮ ರಾಜ್ಯದಲ್ಲೇ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ವರ್ಷ ವರ್ಷ ತಪಾಸಣೆ ಮಾಡುತ್ತಾ ಅವರ ಮುಪ್ಪಿನ ಜೊತೆಜೊತೆಗೇ ನಡೆಯುತ್ತಿದೆ. ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು ಕೂಡ ಹಾಗೇ ಕಾಣಿಸುತ್ತವೆ, ಅವುಗಳಿಗೆ ಚಿಕಿತ್ಸೆಯಿದೆ. ‘ವಯಸ್ಸಾಯ್ತು ಬಿಡು’ ಎಂದು ಕೂರುವ ಮುಂಚೆ ಒಂದು ಸಲ ಡಾಕ್ಟರಿಗೆ ತೋರಿಸಲೇಬೇಕು. ಅಕ್ಕ ತೋರಿಸಿದ್ದಾಳೆ. ದೊಡ್ಡಮ್ಮನದು ವಾಸಿಯಾಗುವ ಬಗೆಯದಲ್ಲ.

ಅಟ್ಟದ ವಿಷಯಕ್ಕೆ ಬರುತ್ತೇನೆ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಆಗುವುದು ಕಾಯುವುದರಿಂದ. ಚೆನ್ನಾಗಿ ಬಲಿತ ಕಾಯನ್ನು ಮಟ್ಟೆ ಸುಲಿಯದೆ ಹಾಗೇ ಅಟ್ಟಕ್ಕೇರಿಸುತ್ತಾರೆ. ಗಾಳಿಯಾಡಲಿ ಎಂದು ಅಟ್ಟದ ನೆಲವನ್ನು ಸಂದು ಬಿಟ್ಟು ಹಾಸಿರುತ್ತಾರೆ. ಅಲ್ಲಿ ಕಾಯಿ ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ವರ್ಷವೇ ಕೂರುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಒಡೆಯದೆ ಅದು ಗೊತ್ತಾಗುವುದು ಒಂದೇ ದಾರಿಯಲ್ಲಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು.

ಅಕ್ಕ ಹತ್ತು ಹನ್ನೆರಡು ಕಾಯಿ ಇಳಿಸಿ ಜಗುಲಿಯ ಮೇಲೆ ದೊಡ್ಡಮ್ಮನ ಮುಂದಿಟ್ಟಳು. ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ತಾನೊಂದು ಎತ್ತಿಕೊಂಡು ಅಲ್ಲಾಡಿಸಿದಳು. ದೊಡ್ಡಮ್ಮ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದರು. ಆಮೇಲೆ ಒಂದು ಕಾಯನ್ನು ಎರಡೂ ಅಂಗೈಯಲ್ಲಿ ಹಿಡಿದು ಎಡಗಿವಿಗೆ ತಂದರು. ತಲೆ ಒಂದಿಷ್ಟು ವಾಲಿತು, ಕಣ್ಣು ಅರೆ ಮುಚ್ಚಿತು. ಮಣಿಕಟ್ಟು ಮಾತ್ರ ಅಲ್ಲಾಡಿತು, ತೋಳಲ್ಲ. ಒಳಗೆ ಗಡಗಡ ಎಂದಿತು. ‘ಆಗೈತೆ’ ಎಂದು ಬಲಕ್ಕಿಟ್ಟರು. ಇನ್ನೊಂದು. ಸದ್ದು ಮಂದ, ನೀರಿನದು. ‘ಇದಿನ್ನೂ ಹಸಿ.’ ಎಡಕ್ಕಿಟ್ಟರು. ಮೂರನೆಯದನ್ನು ಬಹಳ ಹೊತ್ತು ಆಲಿಸಿದರು, ಮತ್ತೆ ಅಲ್ಲಾಡಿಸಿದರು, ಮೂಗಿಗೆ ಹಿಡಿದರು. ‘ಇದು ಕೆಟ್ಟೋಗೈತೆ ಕಣೇ, ತೆಗ್ದಾಕು’ ಎಂದರು. ಅಕ್ಕ ಮಟ್ಟೆ ಬಿಡಿಸಿ ಒಡೆದಳು. ಒಳಗೆಲ್ಲ ಕಪ್ಪು ಬೂಷ್ಟು. ನನಗೆ ಆ ಮೂರು ಸದ್ದಿನಲ್ಲಿ ಎರಡನ್ನು ಬೇರೆ ಮಾಡಲು ಬಂತು, ಮೂರನೆಯದು ಕೇಳಿಸಲೇ ಇಲ್ಲ.

ಡಿಮೆನ್ಶಿಯಾದ ಒಂದು ಬಗೆಯಾದ ಆಲ್ಝೈಮರ್ ಕಾಯಿಲೆ ಮೊದಮೊದಲು ಹಾಳುಮಾಡುವುದು ಮಿದುಳಿನಲ್ಲಿ ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಜಾಗವನ್ನು. ಬೆಳಿಗ್ಗೆ ತಿಂದದ್ದು, ನಿನ್ನೆ ಬಂದವರು, ಈಗತಾನೆ ಕೇಳಿದ ಪ್ರಶ್ನೆ ಅಲ್ಲಿ ನಿಲ್ಲುವುದಿಲ್ಲ. ಕೈಗೆ ಪಳಗಿದ ಕಸುಬನ್ನು ಮಿದುಳು ಬೇರೆ ಕಡೆ ಇಟ್ಟುಕೊಂಡಿರುತ್ತದೆ. ಅದು ಬಹಳ ಕಾಲ ಉಳಿಯುತ್ತದೆ. ಹಾಡು, ತಾಳ, ಲಯಗಳೂ ಹಾಗೆಯೇ ತಡವಾಗಿ ಹೋಗುತ್ತವೆ. ಹೋಗುವುದೇ ಇಲ್ಲ ಎಂದು ಹೇಳಲಾರೆ. ಕೊನೆಗೆ ಅವೂ ಹೋಗುತ್ತವೆ. ಆದರೆ ನಡುವೆ ವರ್ಷಗಟ್ಟಲೆ ಕಾಲವಿದೆ. ಆ ವರ್ಷಗಳನ್ನು ನಾವು ಟಿವಿ ಮುಂದೆ ಕೂರಿಸಿ ಕಳೆಯುತ್ತೇವೆ.

ಜಗತ್ತಿನ ಕೆಲವು ಮ್ಯೂಸಿಯಂಗಳು ಈ ವರ್ಷಗಳಿಗಾಗಿ ಬಾಗಿಲು ತೆರೆದಿವೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2006ರಲ್ಲಿ ಮರೆವಿನವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಟ್ಟಾಗಿ ಒಂದು ಕೂಟ ಆರಂಭಿಸಿತು. ಸಾರ್ವಜನಿಕರಿಗೆ ರಜೆಯಿರುವ ದಿನ, ಗದ್ದಲವಿಲ್ಲದ ಹೊತ್ತಿನಲ್ಲಿ, ಬೆರಳೆಣಿಕೆಯ ಚಿತ್ರಗಳ ಮುಂದೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಮಾತು ಶುರುವಾಗುವುದು ಚಿತ್ರಕಾರನ ಹೆಸರಿನಿಂದಲ್ಲ, ‘ಇಲ್ಲಿ ಏನು ಕಾಣುತ್ತಿದೆ?’ ಎಂಬುದರಿಂದ. ಲಿವರ್‌ಪೂಲಿನ ಮ್ಯೂಸಿಯಂಗಳು 2012ರಲ್ಲಿ ‘ನೆನಪಿನ ಮನೆ’ ಎಂಬರ್ಥದ ಹೆಸರಿನ ಕಾರ್ಯಕ್ರಮ ಆರಂಭಿಸಿದವು. ಅಲ್ಲಿ ತರಬೇತಿ ಮುಖ್ಯವಾಗಿ ನೋಡಿಕೊಳ್ಳುವವರಿಗೆ. ಹಳೆಯ ಕಾಲದ ವಸ್ತುಗಳನ್ನು ತುಂಬಿದ ಸೂಟ್‌ಕೇಸ್‌ಗಳನ್ನು ಆರೈಕೆ ಕೇಂದ್ರಗಳಿಗೆ ಎರವಲು ಕೊಡುತ್ತಾರೆ. ಡೆನ್ಮಾರ್ಕಿನ ಒಂದು ಬಯಲು ಮ್ಯೂಸಿಯಮ್ಮಿನಲ್ಲಿ 1950ರ ದಶಕದ ಮನೆಯನ್ನೇ ಸಜ್ಜುಮಾಡಿ, ಕಾಫಿ ಕಾಯಿಸಿ, ಇವರನ್ನು ಅತಿಥಿಗಳಾಗಿ ಕರೆಯುತ್ತಾರೆ. ಅಮೆರಿಕದ ಆ್ಯನ್ ಬಾಸ್ಟಿಂಗ್ ಎಂಬ ರಂಗಕರ್ಮಿ 1990ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋದರು. ನೆನಪನ್ನು ಕೆದಕುವುದನ್ನು ಬಿಟ್ಟು, ಒಂದು ಚಿತ್ರ ತೋರಿಸಿ ಎಲ್ಲರೂ ಸೇರಿ ಕತೆ ಕಟ್ಟುವಂತೆ ಮಾಡಿದರು. ಅಲ್ಲಿ ತಪ್ಪು ಉತ್ತರ ಎಂಬುದಿಲ್ಲ, ಹೇಳಿದ್ದನ್ನೆಲ್ಲ ಬರೆದುಕೊಂಡು ಗಟ್ಟಿಯಾಗಿ ಓದಿ ಹೇಳುವುದು.

ಬೆಂಗಳೂರಿನಲ್ಲಿ 1998ರಿಂದ ಕೆಲಸ ಮಾಡುತ್ತಿರುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮುಂತಾದ ಸಂಸ್ಥೆಗಳು ಡಿಮೆನ್ಶಿಯಾ ಇರುವವರ ಹಗಲು ಆರೈಕೆಯನ್ನು ನಮ್ಮವರಿಗೆ ಪರಿಚಯಿಸಿವೆ. ಆದರೆ ನೊಣವಿನಕೆರೆಯಿಂದ ಬೆಂಗಳೂರಿಗೆ ದೊಡ್ಡಮ್ಮನನ್ನು ದಿನಾ ಕರೆದೊಯ್ಯುವುದು ಆಗದ ಮಾತು. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋದಾಗಲೆಲ್ಲ ನನಗೆ ಅನ್ನಿಸುವುದುಂಟು. ಬೀಸುವ ಕಲ್ಲು, ಒನಕೆ, ಸೇರು, ಬಳ್ಳ, ತೊಗಲುಗೊಂಬೆಗಳ ಆ ದೊಡ್ಡ ಸಂಗ್ರಹವನ್ನು ವಾರಕ್ಕೊಂದು ಬೆಳಿಗ್ಗೆ ಇಂಥ ಹಿರಿಯರಿಗೆಂದೇ ತೆರೆದು, ಕೆಲವನ್ನು ಅವರ ಕೈಗೇ ಕೊಟ್ಟರೆ, ನಮ್ಮ ವಿವರಣೆಯ ಫಲಕಗಳನ್ನು ಅವರೇ ತಿದ್ದಿಯಾರು. ತೆಂಗಿನ ಸೀಮೆಯಲ್ಲಿ ಮ್ಯೂಸಿಯಂ ಎಂಬ ಹಲಗೆ ಹುಡುಕಬೇಕಾಗಿಲ್ಲ. ಇಲ್ಲಿ ಸಾವಿರ ವರ್ಷದ ಶಿಲ್ಪ ಊರ ನಡುವೆ ಬಾಗಿಲು ತೆರೆದುಕೊಂಡು ಕೂತಿದೆ, ಟಿಕೆಟ್ಟಿಲ್ಲ. ಆ ಧೈರ್ಯದ ಮೇಲೆ ನಾವು ಮೂವರೂ ಹೊರಟೆವು.

ಅರಳಗುಪ್ಪೆ ತಿಪಟೂರು ತಾಲ್ಲೂಕಿನದೇ ಊರು, ಕಿಬ್ಬನಹಳ್ಳಿ ಕ್ರಾಸಿನಿಂದ ದೂರವಿಲ್ಲ. ದಾರಿಯ ಎರಡೂ ಕಡೆ ತೆಂಗು, ತೆಂಗಿನ ನಡುವೆ ಅಲ್ಲಲ್ಲಿ ರಾಗಿ ಹೊಲ. ಬೆಳಿಗ್ಗೆಯೇ ಹೊರಟಿದ್ದೆವು. ಸಂಜೆಯಾದರೆ ದೊಡ್ಡಮ್ಮನಿಗೆ ತಳಮಳ ಶುರುವಾಗುತ್ತದೆ, ಇದ್ದ ಮನೆಯಲ್ಲೇ ‘ಮನೆಗೋಗಣ’ ಎನ್ನುತ್ತಾರೆ. ಈ ಕಾಯಿಲೆಯ ಅನೇಕರಿಗೆ ಹಾಗೆ. ಊರಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವೂ ಇದೆ. ಹೊನೋಜ ಎಂಬ ಶಿಲ್ಪಿಯ ಹೆಸರು ಅದಕ್ಕೆ ಸೇರಿಕೊಂಡಿದೆ. ಬಹಳ ಚೆಲುವಾದ ಗುಡಿ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಹಳೆಯದಾದ ಕಲ್ಲೇಶ್ವರ. ಒಂಬತ್ತನೆಯ ಶತಮಾನದ್ದು, ಗಂಗ–ನೊಳಂಬರ ಕೈವಾಡ. ಹೊರಗಿನಿಂದ ನೋಡಿದರೆ ಸಾಧಾರಣ. ಒಳಗೆ ಹೋಗಿ ತಲೆಯೆತ್ತಬೇಕು.

ಮಂಟಪದ ಚಾವಣಿಯ ನಡುವೆ ಶಿವ ಕುಣಿಯುತ್ತಿದ್ದಾನೆ, ಜೊತೆಗೆ ವಾದ್ಯದವರು. ಸುತ್ತ ಎಂಟು ಅಂಕಣಗಳಲ್ಲಿ ಎಂಟು ದಿಕ್ಕಿನ ಒಡೆಯರು ತಮ್ಮ ತಮ್ಮ ವಾಹನಗಳ ಮೇಲೆ. ಕಲ್ಲು ಎಂಬುದು ಮರೆತುಹೋಗುವಷ್ಟು ಮೈ ತುಂಬಿಕೊಂಡ ಕೆತ್ತನೆ. ನಿಂತು ನೋಡಿದರೆ ಕತ್ತು ನೋಯುತ್ತದೆ, ವಯಸ್ಸಾದವರಿಗೆ ತಲೆಯೂ ತಿರುಗುತ್ತದೆ. ಅಕ್ಕ ಜಮಖಾನ ಹಾಸಿ, ತಲೆದಿಂಬು ಇಟ್ಟು, ದೊಡ್ಡಮ್ಮನನ್ನು ಮಲಗಿಸಿ ತಾನೂ ಪಕ್ಕದಲ್ಲಿ ಮಲಗಿದಳು. ನಾನು ಇನ್ನೊಂದು ಪಕ್ಕ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು ಕಾದೆವು.

‘ಏನ್ ಕಾಣ್ತೈತಮ್ಮ?’ ಎಂದಳು ಅಕ್ಕ.

ದೊಡ್ಡಮ್ಮ ಉತ್ತರ ಕೊಡಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದಳು. ಈ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಸುಮ್ಮನಿರುವುದು ಎಂದು ಅವಳು ಮೊದಲೇ ಹೇಳಿದ್ದಳು. ಮರೆವು ಇರುವವರಿಗೆ ಪ್ರಶ್ನೆ ಒಳಗೆ ಇಳಿಯಲು ಹೊತ್ತು ಬೇಕು, ಮಾತು ಮೇಲೆ ಬರಲು ಇನ್ನಷ್ಟು ಹೊತ್ತು ಬೇಕು. ಆ ಹೊತ್ತನ್ನು ನಾವು ಎರಡನೆಯ ಪ್ರಶ್ನೆಯಿಂದ ತುಂಬಿದರೆ ಎರಡೂ ಹೋಗುತ್ತವೆ.

‘ಎಷ್ಟೊತ್ತಿಂದ ಕುಣೀತಾವನೆ ಇವಯ್ಯ’ ಎಂದರು ದೊಡ್ಡಮ್ಮ ಕೊನೆಗೆ. ‘ಸುಸ್ತಾಗಲ್ವಾ?’

‘ಆಗಿರ್‍ಬೋದು. ಮತ್ಯಾಕೆ ನಿಲ್ಲಿಸಿಲ್ಲ?’

‘ಬಡಿಯೋರು ನಿಲ್ಲಿಸಿದ್ರೆ ತಾನೆ?’ ಎಂದು ವಾದ್ಯದವರ ಕಡೆ ಬೆರಳು ತೋರಿಸಿದರು. ಆ ಬೆರಳು ಹಾಗೇ ಕೆಳಗಿಳಿದು ಜಮಖಾನದ ಮೇಲೆ ತಟ್ಟತೊಡಗಿತು. ನಿಧಾನಕ್ಕೆ, ಆಮೇಲೆ ಚುರುಕಾಗಿ. ಈ ಸೀಮೆ ಮೂಡಲಪಾಯ ಯಕ್ಷಗಾನದ ಸೀಮೆ. ಮದ್ದಳೆ, ತಾಳ, ಮುಖವೀಣೆಯ ಜೊತೆ ಬೆಳಗಾಗುವವರೆಗೂ ಆಟ ನಡೆಯುತ್ತಿದ್ದ ಊರುಗಳಿವು. ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಚಾಪೆಯ ಮೇಲೆ ಕೂತು ನೋಡಿದವರು. ದೊಡ್ಡಮ್ಮನ ಬೆರಳಲ್ಲಿದ್ದ ಲಯ ಎಲ್ಲಿಯದೆಂದು ಯಾರೂ ಅವರನ್ನು ಕೇಳಲಿಲ್ಲ. ಅಕ್ಕ ಅದೇ ಲಯವನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ನಾನೂ ಸೇರಿಕೊಂಡೆ. ಸಾವಿರ ವರ್ಷದ ಚಾವಣಿಯ ಕೆಳಗೆ ಮೂರು ಕೈಗಳ ಬಡಿತ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ದೊಡ್ಡಮ್ಮ ಅಂಚಿನ ಕೋಣವನ್ನು ನೋಡುತ್ತಾ, ‘ಅದಕ್ಕೊಂದು ಹಿಡಿ ಹುಲ್ಲಾಕಿಲ್ಲ ಯಾರೂ’ ಎಂದು ಬೇಸರ ಮಾಡಿಕೊಂಡರು. ಯಮನ ಕೋಣ ಅದು. ಅದನ್ನು ನಾವು ಹೇಳಲಿಲ್ಲ. ಹಸಿದ ಕೋಣ ಎಂಬುದೇ ಆ ಹೊತ್ತಿನ ಸರಿಯಾದ ವಿವರಣೆಯಾಗಿತ್ತು.

ಅರಳಗುಪ್ಪೆಯಿಂದ ತುರುವೇಕೆರೆಗೆ ಹೋದೆವು. ಅಲ್ಲಿ ಮೊದಲು ಕಷ್ಟವಾಯಿತು. ಬಸ್ ನಿಲ್ದಾಣದ ಬಳಿ ಹಾರನ್ನು, ಜನ, ಮೈಕು. ದೊಡ್ಡಮ್ಮ ಕಾರಿನ ಬಾಗಿಲು ಹಿಡಿದುಕೊಂಡು ಇಳಿಯುವುದಿಲ್ಲ ಎಂದರು, ಅಕ್ಕನ ಕೈ ಕೊಡವಿದರು, ‘ನೀನ್ಯಾರೆ ನನ್ನ ಎಳಿಯಕೆ’ ಎಂದು ಕೂಗಿದರು. ದಾರಿಹೋಕರು ನಿಂತು ನೋಡಿದರು. ಅಕ್ಕ ಒತ್ತಾಯ ಮಾಡಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಗಾಜು ಏರಿಸಿ, ಸೀಬೆಹಣ್ಣು ಹೋಳು ಮಾಡಿ ಕೈಗಿಟ್ಟು, ಪಕ್ಕದಲ್ಲಿ ಕೂತಳು. ಅವಳ ಮುಖದಲ್ಲಿ ಆಗ ಕಂಡ ದಣಿವನ್ನು ನಾನು ಮರೆಯಲಾರೆ. ಮ್ಯೂಸಿಯಂ ಕೂಟಗಳಲ್ಲಿ ಜೊತೆಗಿರುವವರನ್ನೂ ಸಮನಾಗಿ ಕರೆಯುವುದಕ್ಕೆ ಕಾರಣ ಇದೇ ಇರಬೇಕು. ಮಾತ್ರೆ, ಸ್ನಾನ, ಊಟ, ರಾತ್ರಿಯ ಎಚ್ಚರ ಇವುಗಳ ನಡುವೆ ಅಮ್ಮ–ಮಗಳು ಎಂಬುದು ಅಳಿಸಿಹೋಗಿ ರೋಗಿ–ದಾದಿ ಮಾತ್ರ ಉಳಿಯುತ್ತದೆ. ಇಬ್ಬರೂ ಒಂದೇ ಚಿತ್ರದ ಮುಂದೆ ಪಕ್ಕಪಕ್ಕ ಕೂತಾಗ ಒಂದು ಗಂಟೆಯಾದರೂ ಆ ಸಂಬಂಧ ಮರಳಿ ಬರುತ್ತದೆ.

ಗದ್ದಲ ಇಳಿದ ಮೇಲೆ ಗಂಗಾಧರೇಶ್ವರನ ಗುಡಿಗೆ ಹೋದೆವು. ಅಲ್ಲಿನ ನಂದಿ ಕಪ್ಪು ಕಲ್ಲಿನದು. ಮಳೆಗಾಳಿಗೆ ಮೈಯೊಡ್ಡಿಯೂ ಅದರ ನುಣುಪು ಕೆಟ್ಟಿಲ್ಲ ಎಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬೆರಗಿನಿಂದ ಬರೆದಿದ್ದರು. ಈಗಲೂ ಅದು ಕನ್ನಡಿಯ ಹೊಳಪು. ಕೊರಳ ಗೆಜ್ಜೆ, ಸರ, ಬೆನ್ನ ಮೇಲಿನ ಒಡವೆ ಒಂದೊಂದೂ ಬೆರಳಿಗೆ ಸಿಗುತ್ತವೆ. ಮ್ಯೂಸಿಯಂಗಳಲ್ಲಿ ‘ಮುಟ್ಟಬೇಡಿ’ ಎಂಬ ಫಲಕ ಇರುತ್ತದೆ, ಮರೆವಿನವರ ಕೂಟಕ್ಕೆಂದು ಮುಟ್ಟಬಹುದಾದ ವಸ್ತುಗಳನ್ನು ಬೇರೆಯಾಗಿ ಜೋಡಿಸಬೇಕಾಗುತ್ತದೆ. ನಮ್ಮಲ್ಲಿ ನಂದಿಯ ಮೈ ಸವರುವುದು, ಕಿವಿಯಲ್ಲಿ ಮಾತು ಹೇಳುವುದು ಭಕ್ತಿಯ ಭಾಗ. ದೊಡ್ಡಮ್ಮ ಬೆನ್ನಿನಿಂದ ಶುರುಮಾಡಿ ಕೊರಳಿನವರೆಗೆ ಕೈ ಎಳೆದರು. ಗೆಜ್ಜೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಆಮೇಲೆ ದವಡೆಯ ಕೆಳಗೆ, ದನಗಳು ಕತ್ತು ಚಾಚಿಕೊಡುವ ಜಾಗದಲ್ಲಿ, ಉಗುರಿನಿಂದ ಮೆಲ್ಲಗೆ ಕೆರೆದರು. ಕೊಟ್ಟಿಗೆ ನೋಡಿಕೊಂಡವರಿಗೆ ಮಾತ್ರ ಗೊತ್ತಿರುವ ಉಪಚಾರ ಅದು.

ವಾಪಸ್ ಬರುವಾಗ ಗುಡಿಯ ಮುಂದೆ ಹೂ ಮಾರುತ್ತಿದ್ದ ಹೆಂಗಸು ಅಕ್ಕನನ್ನು ಕೇಳಿದಳು, ‘ಸಂಜಿಗೆಲ್ಲ ಮರ್ತೋಯ್ತಾರಲ್ಲಕ್ಕ, ಇಷ್ಟು ಕಷ್ಟಬಿದ್ದು ಕರ್ಕೊಂಡ್ ಬಂದು ಏನ್ ಬಂತು?’ ಕೊಂಕಿನ ಮಾತಲ್ಲ. ಅವಳ ಅತ್ತೆಗೂ ಹೀಗೇ ಆಗಿತ್ತಂತೆ. ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಓದಿದವರೂ ಕೇಳುತ್ತಾರೆ.

ಕಿಬ್ಬನಹಳ್ಳಿ ಕ್ರಾಸ್ ದಾಟಿ ಚಿಕ್ಕನಾಯಕನಹಳ್ಳಿಯ ರಸ್ತೆ ಹಿಡಿದಾಗ ಉತ್ತರದ ದಾರಿಯೂ ಸಿಕ್ಕಿತು ಎನ್ನಬೇಕು. ಹಾಗಲವಾಡಿಯ ಪಾಳೆಯಗಾರರ ಹೆಸರು ಹೊತ್ತ ಈ ತಾಲ್ಲೂಕಿನಲ್ಲಿ ತೀರ್ಥಪುರ ಎಂಬ ಊರಿದೆ. ತೀ.ನಂ.ಶ್ರೀಕಂಠಯ್ಯನವರ ಹೆಸರಿನ ‘ತೀ’ ಅದೇ. ಅವರು ಹುಟ್ಟಿದ್ದು 1906ರ ನವೆಂಬರ್ 26ರಂದು. ಅದೇ ತಿಂಗಳ ಮೊದಲ ವಾರದಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯೊಂದರಲ್ಲಿ ಆಲೊಯಿಸ್ ಆಲ್ಝೈಮರ್ ಎಂಬ ವೈದ್ಯ, ಮರೆವಿನಲ್ಲಿ ಕಳೆದುಹೋಗಿ ತೀರಿಕೊಂಡ ಹೆಂಗಸೊಬ್ಬಳ ಮಿದುಳಿನ ಬಗ್ಗೆ ಮೊದಲ ಸಲ ವಿವರಿಸಿದ್ದ. ಕಾಕತಾಳೀಯ, ಅಷ್ಟೆ. ಆದರೆ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ರಸದ ಅಧ್ಯಾಯಗಳನ್ನು ಓದಿದವರಿಗೆ ಈ ಕಾಯಿಲೆಯ ಮುಂದೆ ನಿಲ್ಲಲು ಒಂದು ಊರುಗೋಲು ಸಿಗುತ್ತದೆ. ನಾಟಕ ನೋಡುವವನ ಎದೆಯಲ್ಲಿ ಭಾವಗಳು ವಾಸನಾರೂಪವಾಗಿ ಮೊದಲೇ ಇರುತ್ತವೆ, ರಂಗದ ಮೇಲಿನ ನೋಟ ಅವನ್ನು ಎಬ್ಬಿಸುತ್ತದೆ ಎಂಬುದು ನಮ್ಮ ಪೂರ್ವಿಕರ ವಾದ. ಇಂಥ ಘಟನೆ, ಇಂಥ ದಿನ ಎಂಬ ನೆನಪು ಅದಕ್ಕೆ ಬೇಕಿಲ್ಲ.

ಕಾಳಿದಾಸನ ಶಾಕುಂತಲದ ಐದನೆಯ ಅಂಕ ನೆನಪಿಸಿಕೊಳ್ಳಿ. ದುರ್ವಾಸರ ಶಾಪದಿಂದ ದುಷ್ಯಂತ ಶಕುಂತಲೆಯನ್ನು ಪೂರ್ತಿ ಮರೆತಿದ್ದಾನೆ. ಅಂತಃಪುರದಿಂದ ಹಂಸಪದಿಕೆಯ ಹಾಡು ತೇಲಿಬರುತ್ತದೆ. ರಾಜನ ಮನಸ್ಸು ಕದಡುತ್ತದೆ. ಯಾಕೆಂದು ಅವನಿಗೇ ತಿಳಿಯದು. ಹೆಸರು ಬರುವುದಿಲ್ಲ, ಮುಖ ಬರುವುದಿಲ್ಲ, ಆದರೆ ಎದೆ ಬಲ್ಲದು. ನಾಟಕದಲ್ಲಿ ಮುಂದೆ ಉಂಗುರ ಸಿಗುತ್ತದೆ, ನೆನಪೆಲ್ಲ ಒಂದೇ ಸಲಕ್ಕೆ ಮರಳುತ್ತದೆ. ನಮ್ಮ ಮನೆಗಳಲ್ಲಿ ಎಲ್ಲರೂ ಆ ಉಂಗುರವನ್ನೇ ಹುಡುಕುತ್ತಿದ್ದಾರೆ. ಮದುವೆ ಫೋಟೊ ತೋರಿಸುತ್ತಾರೆ, ಹಳೆಯ ಸೀರೆ ತೋರಿಸುತ್ತಾರೆ, ಮೊಮ್ಮಗನ ಹೆಸರು ಹತ್ತು ಸಲ ಹೇಳಿಸುತ್ತಾರೆ, ಎಲ್ಲೋ ಒಂದು ಕಡೆ ಬೀಗ ತೆರೆದುಕೊಂಡೀತು ಎಂಬ ಆಸೆಯಿಂದ. ಡಿಮೆನ್ಶಿಯಾದಲ್ಲಿ ಉಂಗುರವಿಲ್ಲ. ಹಂಸಪದಿಕೆಯ ಹಾಡು ಇದೆ. ಅರಳಗುಪ್ಪೆಯ ಚಾವಣಿ ದೊಡ್ಡಮ್ಮನಿಗೆ ಯಾವ ನೆನಪನ್ನೂ ತಂದುಕೊಡಲಿಲ್ಲ, ಅವರ ಬೆರಳಿಗೆ ಲಯ ತಂದುಕೊಟ್ಟಿತು, ಕೋಣದ ಮೇಲೆ ಕನಿಕರ ತಂದುಕೊಟ್ಟಿತು.

ಹೂವಿನವಳ ಪ್ರಶ್ನೆಗೆ ವಿಜ್ಞಾನದ ಕಡೆಯಿಂದಲೂ ಉತ್ತರವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಲ್ಝೈಮರ್ ಇರುವವರಿಗೆ ದುಃಖದ ಸಿನಿಮಾ ತುಣುಕುಗಳನ್ನೂ ನಗುವಿನ ತುಣುಕುಗಳನ್ನೂ ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದೇನೆಂಬುದು ಅವರಿಗೆ ಹೆಚ್ಚುಕಮ್ಮಿ ಮರೆತೇಹೋಗಿತ್ತು. ದುಃಖವೂ ಸಂತೋಷವೂ ಉಳಿದಿದ್ದವು. ಇದರ ಇನ್ನೊಂದು ಮಗ್ಗುಲು ನನ್ನನ್ನು ಹೆಚ್ಚು ಕಾಡುತ್ತದೆ. ಬೆಳಿಗ್ಗೆ ನಾವು ಗದರಿದ್ದು ಅವರಿಗೆ ನೆನಪಿಲ್ಲ, ಗದರಿಸಿಕೊಂಡ ನೋವು ಮಧ್ಯಾಹ್ನದವರೆಗೂ ಇರುತ್ತದೆ. ‘ನಾನ್ಯಾರು ಹೇಳಿ’ ಎಂದು ಕೇಳಿ ಹೋದ ನೆಂಟರು ಹೊರಟು ಹೋದ ಮೇಲೂ ಆ ಸೋಲು ಜಗುಲಿಯ ಮೇಲೆ ಅವರ ಜೊತೆ ಕೂತೇ ಇರುತ್ತದೆ.

ಊರಿಗೆ ಬಂದ ಮರುದಿನ ಮರ ಹತ್ತುವವನು ಬಂದಿದ್ದ. ಈ ಸೀಮೆಯಲ್ಲಿ ಈಗ ಅವನನ್ನು ಹಿಡಿಯುವುದೇ ದೊಡ್ಡ ಕೆಲಸ. ಕಾಯಿಯ ಜೊತೆ ಹಸಿರು ಗರಿಗಳನ್ನೂ ಕೆಡವಿಸಿಕೊಂಡು ಅಕ್ಕ ಜಗುಲಿಗೆ ತಂದಳು. ಎದುರು ಮನೆಯ ಯಜಮಾನರೊಬ್ಬರಿದ್ದಾರೆ, ಅವರಿಗೂ ಇದೇ ಕಾಯಿಲೆ. ಮಾತು ಪೂರ್ತಿ ನಿಂತಿದೆ. ಅವರ ಸೊಸೆ ಕೈಹಿಡಿದು ಕರೆತಂದು ಕೂರಿಸಿದಳು. ದೊಡ್ಡಮ್ಮ ಗರಿಯಿಂದ ಕಡ್ಡಿ ಹೆರೆಯತೊಡಗಿದರು. ಕುಡುಗೋಲು ಕೊಡಲು ಅಕ್ಕನಿಗೆ ಧೈರ್ಯವಿರಲಿಲ್ಲ, ಉಗುರಿನಿಂದಲೇ ಎಲೆ ಸೀಳಿ ಕಡ್ಡಿ ಎಳೆದರು. ಯಜಮಾನರು ಬಹಳ ಹೊತ್ತು ತಮ್ಮ ಮುಂದಿನ ಗರಿಯನ್ನು ಮುಟ್ಟಲೇ ಇಲ್ಲ. ಪಕ್ಕದಲ್ಲಿ ಆಡುತ್ತಿದ್ದ ಮಗುವೊಂದು ಒಂದು ಎಲೆಯನ್ನು ಎಳೆದು ಸುತ್ತಲು ಹೋಗಿ ಸೋತಿತು. ಅವರು ಕೈ ಚಾಚಿ ಅದನ್ನು ತೆಗೆದುಕೊಂಡರು. ತುದಿಯನ್ನು ಮಡಿಸಿ, ಓರೆಯಾಗಿ ಸುತ್ತುತ್ತಾ ಸುತ್ತುತ್ತಾ ಅಗಲ ಮಾಡಿಕೊಂಡು ಹೋಗಿ, ಕಡೆಗೆ ಬಿಚ್ಚಿಹೋಗದ ಹಾಗೆ ಒಂದು ಕಡ್ಡಿ ಚುಚ್ಚಿದರು. ತುದಿಯನ್ನು ಹಲ್ಲಿನಲ್ಲಿ ಸ್ವಲ್ಪ ಒತ್ತಿ ಚಪ್ಪಟೆ ಮಾಡಿದರು. ಪೀಪಿ! ಊದಿ ನೋಡಿ, ಸದ್ದು ಸರಿಯಿಲ್ಲವೆಂದು ಮತ್ತೆ ಒತ್ತಿ, ಮತ್ತೆ ಊದಿ ಮಗುವಿಗೆ ಕೊಟ್ಟರು. ಮಗು ಊದಿಕೊಂಡು ಬೀದಿಗೆ ಓಡಿತು. ಸೊಸೆ ಬಾಗಿಲ ಕಂಬ ಹಿಡಿದು ನಿಂತಿದ್ದಳು. ‘ನಮ್ಮ ಮಾವ ಇದು ಮಾಡ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ’ ಎಂದಳು.

ಅಕ್ಕ ಅಂದೇ ಸಂಜೆ ಊರ ಭಜನೆ ಮನೆಯ ಬೀಗದ ಕೈ ಯಾರ ಹತ್ತಿರ ಇದೆಯೆಂದು ವಿಚಾರಿಸಿದಳು. ಶನಿವಾರ ಸಂಜೆ ಮಾತ್ರ ಅಲ್ಲಿ ಭಜನೆ, ಬೆಳಿಗ್ಗೆಯೆಲ್ಲ ಖಾಲಿ. ಹತ್ತು ಗಂಟೆಗೆ ಶುರುಮಾಡಿ ಹನ್ನೊಂದರೊಳಗೆ ಮುಗಿಸುವುದು, ಐದಾರು ಜನಕ್ಕಿಂತ ಹೆಚ್ಚು ಬೇಡ, ಪ್ರತಿಯೊಬ್ಬರ ಜೊತೆ ಮನೆಯವರೊಬ್ಬರು ಇರಲೇಬೇಕು, ಮೊಬೈಲು ಹೊರಗೆ ಎಂದು ತೀರ್ಮಾನವಾಯಿತು. ಒಂದು ವಾರ ಗರಿ, ಒಂದು ವಾರ ಕೊಬ್ಬರಿ ಬಟ್ಟಲಿಗೆ ಬಣ್ಣ, ಒಂದು ವಾರ ರಂಗೋಲಿ. ಅರಳಗುಪ್ಪೆಯ ಚಾವಣಿಯ ದೊಡ್ಡ ಫೋಟೊವೊಂದನ್ನು ತಿಪಟೂರಿನಲ್ಲಿ ಪ್ರಿಂಟ್ ಹಾಕಿಸಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಗೋಡೆಗೆ ಬೇಡ, ಮಲಗಿ ನೋಡುವ ಹಾಗೆ ಮಾಡಿಗೆ ಕಟ್ಟಬೇಕು ಎಂದಳು ಅಕ್ಕ. ಎಷ್ಟು ಅಡಿಯದು ಬೇಕೆಂದು ಕೇಳಿದೆ. ದೊಡ್ಡಮ್ಮ ನಡುವೆ ಬಾಯಿ ಹಾಕಿ, ‘ದೊಡ್ಡದೇ ತಕಂಡ್ ಬಾ ಮಗಾ, ಚಿಕ್ಕದು ಯಾವ ಮೂಲೆಗೆ’ ಎಂದರು.